ಸಿಗರೇಟಿನ ದುಡ್ಡಿನಲ್ಲಿ ರುಬ್ಬುವ ಕಲ್ಲು

'ನಾಳೆಯಿಂದ ಸಿಗರೇಟು ಬಿಡ್ತೀನಿ' ಅನ್ನುವ ಗಂಡಸೊಬ್ಬ ಮನೆಯಲ್ಲಿದ್ದರೆ ಆ ಮನೆಯ ಹೆಂಗಸಿಗೆ ಬೇರೆ ನಾಟಕ ಸಿನಿಮಾ ಯಾವುದೂ ಬೇಡ. ಒಂದು ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ. ಕೇಳಿದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಇವತ್ತು ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ. ನಗುವುದಿದ್ದರೆ ನೀವು ನಕ್ಕುಕೊಳ್ಳಿ, ನನ್ನನ್ನು ಜೊತೆಗೆ ಕರೆಯಬೇಡಿ.

ನಮ್ಮನೆಯವರು ಬಣ್ಣದ ಕೆಮಿಸ್ಟು. ಬಟ್ಟೆ ಮಿಲ್ಲುಗಳಿಗೆ ಬಣ್ಣ ಮಾರುವ ಒಂದು ಕಂಪನಿಯಲ್ಲಿ ಕೆಲಸ. ಅರವತ್ತರ ದಶಕದಲ್ಲಿ ಆ ಕಂಪನಿ ನಮ್ಮನ್ನು ತುಮಕೂರಿನಿಂದ ಎತ್ತಿ ಗುಜರಾತಿಗೆ ಒಗೆಯಿತು. ಮೊದಲು ಸೂರತ್ತು, ಆಮೇಲೆ ಬರೋಡಾ, ಕೊನೆಗೆ ಅಹಮದಾಬಾದು. ಮೂರು ಊರಲ್ಲೂ ಜನ ಒಳ್ಳೆಯವರು, ಹಾಲು ಮೊಸರು ಗಟ್ಟಿ, ತರಕಾರಿ ಸೊಗಸು. ಇಲ್ಲದೇ ಇದ್ದದ್ದು ಒಂದೇ ಒಂದು. ರುಬ್ಬುವ ಕಲ್ಲು.

ಅಲ್ಲಿ ಗಲ್ಲಿಗೊಂದು ಹಿಟ್ಟಿನ ಗಿರಣಿ. ಢೋಕ್ಳಾಕ್ಕೆ ಬೇಕಾದ ಅಕ್ಕಿ ಬೇಳೆಯನ್ನೂ ಒಣಗಿದ ಹಾಗೆಯೇ ಬೀಸಿಸಿಕೊಂಡು ಬರುತ್ತಾರೆ. ನೆನೆಹಾಕಿದ್ದನ್ನು ನೀರು ಹಾಕಿಕೊಂಡು ರುಬ್ಬುವುದು ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಗಿರಣಿಯ ಹಿಟ್ಟಿನಲ್ಲಿ ನಾನೂ ದೋಸೆ ಹೊಯ್ದು ನೋಡಿದೆ. ಅದು ದೋಸೆಯಲ್ಲ, ಕಾವಲಿಗೆ ಅಂಟಿಸಿದ ಪೋಸ್ಟರು. ಕೆರೆದು ತೆಗೆಯಬೇಕು.

ಸೂರತ್ತಿನ ಸ್ಟೇಷನ್ ಹತ್ತಿರ ಕುಂದಾಪುರದವರ ಹೋಟೆಲೊಂದಿತ್ತು. ನಾನು ಅಕ್ಕಿ ಉದ್ದು ನೆನೆಹಾಕಿ, ಪಾತ್ರೆ ಸೆರಗಿನಲ್ಲಿ ಮುಚ್ಚಿಕೊಂಡು ಅವರ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅವರ ಕಲ್ಲು ಖಾಲಿ ಇದ್ದರೆ ರುಬ್ಬಿಕೊಂಡು ಬರುವುದು. ಒಂದು ದಿನ ಹೋಟೆಲಿನವರು, "ಇವತ್ತು ಆಗ್ಲಿಕ್ಕಿಲ್ಲ ಅಮ್ಮ, ಮದುವೆ ಆರ್ಡರ್ ಉಂಟು. ನಾಳೆ ಬನ್ನಿ" ಅಂದರು. ನೆಂದ ಅಕ್ಕಿ ನಾಳೆಯವರೆಗೆ ಕಾಯುತ್ತದೆಯೇ? ಆ ಬಿಸಿಲಲ್ಲಿ ಪಾತ್ರೆ ಹೊತ್ತುಕೊಂಡು ವಾಪಸ್ಸು ಬಂದೆ. ಮನೆಯಲ್ಲಿ ಇವರು ಕಾಲಮೇಲೆ ಕಾಲು ಹಾಕಿ ಕೂತು ಉಂಗುರ ಉಂಗುರವಾಗಿ ಹೊಗೆ ಬಿಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ನಾನು ಕಂಡವರ ಹಿತ್ತಲಲ್ಲಿ ಪಾತ್ರೆ ಹಿಡಕೊಂಡು ನಿಲ್ಲಬೇಕು, ನೀವು ಇಲ್ಲಿ ದುಡ್ಡಿಗೆ ಬೆಂಕಿ ಹಚ್ಚಿ ಉಂಗುರ ಬಿಡ್ತಾ ಕೂತಿರಬೇಕು. ಆ ದುಡ್ಡಲ್ಲಿ ಊರಿಂದ ಒಂದು ಕಲ್ಲು ತರಿಸೋಕಾಗಲ್ವಾ ನಿಮಗೆ?" ಅಂದೆ. ಇನ್ನೂ ಏನೇನೋ ಅಂದೆ, ಅದೆಲ್ಲ ಇಲ್ಲಿ ಬೇಡ.

ಇವರಿಗೂ ನಾಟಿತು ಅಂತ ಕಾಣುತ್ತದೆ. ಆಗಲೇ ಪ್ರತಿಜ್ಞೆ ಮಾಡಿದರು. ಇನ್ನು ಮೇಲೆ ಸಿಗರೇಟಿಲ್ಲ, ದಿನದ ಸಿಗರೇಟಿನ ದುಡ್ಡು ದಿನಾ ಡಬ್ಬಿಗೆ, ಡಬ್ಬಿ ತುಂಬಿದ ದಿನ ಊರಿಂದ ಕಲ್ಲು. ಯಾವ ಡಬ್ಬಿ ಅಂತ ಕೇಳಿ. ಸಿಗರೇಟಿನದೇ ಖಾಲಿ ತಗಡಿನ ಡಬ್ಬಿ! ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ದುಡ್ಡು ಹಾಕುವುದು ಒಂದು ಗಳಿಗೆಯ ಕೆಲಸ. ಆಮೇಲೆ ಡಬ್ಬಿಗೆ ಮೂಗು ತೂರಿಸಿ ಕಣ್ಣು ಮುಚ್ಚಿಕೊಂಡು ನಿಲ್ಲುವುದು ಹಾಲು ಕಾದು ಉಕ್ಕುವವರೆಗೆ.

ಹಳದಿ ಬೆರಳು

ಇವರು ಊರಾಚೆ ಪಾಂಡೇಸರಾದಲ್ಲಿದ್ದ ಮಿಲ್ಲೊಂದಕ್ಕೆ ಹೋಗಿ ಬಣ್ಣದ ಪರೀಕ್ಷೆ ಮಾಡಿಸುತ್ತಿದ್ದರು. ಬಣ್ಣದ ಕೆಲಸದವರ ಕೈ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಬಣ್ಣ ಕೂತೇ ಇರುತ್ತದೆ. ಮದುವೆಯಾದ ಹೊಸದರಲ್ಲಿ ಇವರು ಅನ್ನ ಕಲಸಿಕೊಳ್ಳುವಾಗ ನಾನು ಅನ್ನದ ಕಡೆ ನೋಡುತ್ತಲೇ ಇರಲಿಲ್ಲ.

ಪ್ರತಿಜ್ಞೆ ಮಾಡಿ ಕೆಲವು ವಾರ ಕಳೆದಿತ್ತು. ಇವರ ಬಲಗೈಯ ಎರಡು ಬೆರಳು ಹಳದಿಯಾಗಿದ್ದದ್ದು ಹಳದಿಯಾಗಿಯೇ ಇತ್ತು. ಕೇಳಿದರೆ, "ಬಣ್ಣ ಕಣೇ. ಮಿಲ್ಲಲ್ಲಿ ಹಳದಿ ಸೀರೆ ಆರ್ಡರು ನಡೀತಿದೆ" ಅಂದರು. ಪಾಪ, ದುಡಿಯುವ ಗಂಡಸು ಅಂತ ನಾನು ಸುಮ್ಮನಾದೆ. ಅಷ್ಟೇ ಅಲ್ಲ, ನಿಂಬೆಹೋಳು ಹಿಡಿದು ಕೂತು ಆ ಬೆರಳು ತಿಕ್ಕಿಕೊಟ್ಟೆ. ನನ್ನ ಬುದ್ಧಿಗೆ ಏನು ಹೇಳೋಣ!

ಅದೇ ಮಿಲ್ಲಿನಲ್ಲಿ ಪ್ರಿಂಟಿಂಗ್ ಮಾಸ್ತರನಾಗಿದ್ದವನ ಹೆಂಡತಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ನನ್ನನ್ನು ಬೆನ್, ಅಂದರೆ ಅಕ್ಕ, ಅಂತ ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ಆಕೆ ಬಟ್ಟೆ ಒಗೆಯುತ್ತಾ ಗೋಳು ಹೇಳಿಕೊಂಡಳು. "ಏನು ಮಾಡೋದು ಬೆನ್, ತಿಂಗಳಿಡೀ ಮಿಲ್ಲಲ್ಲಿ ಬರೀ ನೀಲಿ. ಯಾವುದೋ ಸ್ಕೂಲು ಯೂನಿಫಾರ್ಮಂತೆ. ನಮ್ಮವರ ಬನಿಯನ್ ನೀಲಿ, ದಿಂಬು ನೀಲಿ, ಸ್ನಾನದ ನೀರು ನೀಲಿ."

ಸಂಜೆ ಇವರು ಬಂದರು. ಕಾಫಿ ಕೊಟ್ಟೆ. ಲೋಟ ಹಿಡಿದ ಕೈ ನೋಡಿದೆ.

"ಏನ್ರೀ, ಕೈ ಚಾಚಿ. ಎರಡೂ. ಎಂಟು ಬೆರಳು ನೀಲಿ, ಎರಡು ಬೆರಳು ಹಳದಿ. ಯಾವ ಸೀರೆ ರೀ ಅದು?"

ಇವರು ಬೆರಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ಅದು... ಬಾರ್ಡರು."

ಬಾಯಿಗೆ ಏನಾದರೂ ಬೇಕು

ಬಾರ್ಡರಿನ ದಿನ ಆದ ಗಲಾಟೆಗೆ ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಕನ್ನಡ ಅವರಿಗೆ ತಿಳಿಯದಿದ್ದದ್ದು ಒಳ್ಳೆಯದಾಯಿತು. ಇವರು ಎರಡನೇ ಸಲ ಸಿಗರೇಟು ಬಿಟ್ಟರು. ಈ ಸಲ ನಿಜವಾಗಿಯೇ ಬಿಟ್ಟರು ಅಂತ ನಾನೂ ಒಪ್ಪುತ್ತೇನೆ, ಯಾಕೆಂದರೆ ಆ ಮುಖ ನೋಡಬೇಕಿತ್ತು! ಮನೆತುಂಬ ಶತಪಥ. ಬೆಂಕಿಪೊಟ್ಟಣ ತೆಗೆಯುವುದು, ಮುಚ್ಚುವುದು. "ಕೈಗೆ ಏನಾದರೂ ಬೇಕು ಕಣೇ, ಬಾಯಿಗೆ ಏನಾದರೂ ಬೇಕು. ಸುಮ್ನೆ ಇರೋಕಾಗ್ತಿಲ್ಲ" ಅನ್ನುವುದು.

ಆಫೀಸಿನವರು ಯಾರೋ ಸೋಂಪು ಜಗಿಯಿರಿ ಅಂದರು. ಜಗಿದರು. ಇನ್ಯಾರೋ ಏಲಕ್ಕಿ ಅಂದರು. ಆಮೇಲೆ ಅಡಿಕೆ. ಆಮೇಲೆ ಕಡಲೆಹಿಟ್ಟಲ್ಲಿ ಕರಿದ ಗಾಂಠಿಯಾ. ಸೂರತ್ತಿನಲ್ಲಿ ಬಾಯಿಗೆ ಏನಾದರೂ ಬೇಕು ಅನ್ನುವವನು ಸಿಕ್ಕಿಬಿದ್ದ ಅಂತಲೇ ಲೆಕ್ಕ. ಹೆಜ್ಜೆಗೊಂದು ಅಂಗಡಿ, ಅಂಗಡಿಗೊಂದು ಬಾಣಲಿ. ಸಂಜೆ ಬರುವಾಗ ಒಂದು ಪೊಟ್ಟಣ ಅಂಗಿ ಜೇಬಲ್ಲಿ, ಒಂದು ಚೀಲದಲ್ಲಿ, ಒಂದು ದಾರಿಯಲ್ಲೇ ಖಾಲಿಯಾಗಿರುತ್ತಿತ್ತು. ಮನೆಯಲ್ಲಿ ನಾನು ಮಾಡಿದ ಹುಳಿ ಅನ್ನ ಕೇಳುವವರಿಲ್ಲ.

ಡಬ್ಬಿ ಅಲ್ಲಾಡಿಸಿ ನೋಡಿದರೆ ಸದ್ದೇ ಇಲ್ಲ.

"ದುಡ್ಡೆಲ್ಲಿ?" ಅಂದೆ.

"ಖರ್ಚಾಯ್ತು. ಸಿಗರೇಟಿಗಲ್ಲ, ನನ್ನಾಣೆ. ಸಿಗರೇಟು ಬಿಡೋದಕ್ಕೆ ಆದ ಖರ್ಚು" ಅಂದರು, ಏನೋ ದೊಡ್ಡ ತ್ಯಾಗ ಮಾಡಿದವರ ಹಾಗೆ.

ಪ್ಯಾಂಟುಗಳು ಹೊಟ್ಟೆಯ ಹತ್ತಿರ ನಿಲ್ಲದೇ ಹೋದವು. ದರ್ಜಿ ಒಂದೊಂದೇ ಬಿಚ್ಚಿ ದೊಡ್ಡದು ಮಾಡಿದ. ಅವನಿಗೂ ಡಬ್ಬಿಯಿಂದಲೇ ಕೂಲಿ. ಕೊನೆಗೆ ಎದೆ ಉರಿ ಅಂತ ಒದ್ದಾಡಿದ್ದಕ್ಕೆ ನಾನೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಕರಿದದ್ದು ಇವತ್ತೇ ನಿಲ್ಲಿಸಬೇಕು" ಅಂದರು. ನನಗೆ ಜೀವ ಬಂದ ಹಾಗಾಯಿತು. ಅಂತೂ ಇನ್ನು ಡಬ್ಬಿ ತುಂಬುತ್ತದೆ, ಕಲ್ಲು ಬರುತ್ತದೆ ಅಂದುಕೊಂಡೆ.

ಕ್ಲಿನಿಕ್ಕಿನಿಂದ ಆಚೆ ಬಂದೆವು. ನಾನು ಔಷಧಿ ತೆಗೆದುಕೊಂಡು ತಿರುಗುವುದರೊಳಗೆ ಇವರು ಪಕ್ಕದ ಅಂಗಡಿಯಲ್ಲಿ ಸಿಗರೇಟು ಹಚ್ಚಿಕೊಂಡು ನಿಂತಿದ್ದಾರೆ! ನನ್ನ ಮುಖ ನೋಡಿ ಗಾಬರಿಯಾಗಲಿಲ್ಲ. ಗಂಭೀರವಾಗಿಯೇ ಹೇಳಿದರು.

"ಡಾಕ್ಟರು ಹೇಳಿದ ಹಾಗೆ ಗಾಂಠಿಯಾ ಬಿಟ್ಟೆ. ಒಬ್ಬ ಮನುಷ್ಯ ಒಂದು ಸಲಕ್ಕೆ ಒಂದನ್ನೇ ಬಿಡೋಕೆ ಸಾಧ್ಯ ಕಣೇ."

ಸತ್ತ ದುಡ್ಡು

ಬರೋಡಾಕ್ಕೆ ವರ್ಗವಾಯಿತು. ಅಲ್ಕಾಪುರಿ ಬಡಾವಣೆಯ ಹಿಂದುಗಡೆ ಒಂದು ಮಾಳಿಗೆ ಮನೆ. ಇಲ್ಲಿ ನಾನು ಉಪಾಯ ಬದಲಾಯಿಸಿದೆ. ಸಂಬಳ ಬಂದ ದಿನವೇ ಸಿಗರೇಟಿನ ದುಡ್ಡನ್ನು ನಾನೇ ಎತ್ತಿಕೊಂಡು ಡಬ್ಬಿಗೆ ಹಾಕುವುದು, ಡಬ್ಬಿ ಅಕ್ಕಿಯ ಪೀಪಾಯಿಯ ತಳದಲ್ಲಿ ಹೂಳುವುದು. ಇವರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಅಂತ ಬಿಟ್ಟೆ. ಜೇಬಿನಲ್ಲಿ ದುಡ್ಡಿಲ್ಲದ ಮೇಲೆ ಆಫೀಸಿನವರ ಹತ್ತಿರ ಒಂದೊಂದು ಕೇಳಿ ಸೇದುತ್ತಿದ್ದರು ಅಂತ ಆಮೇಲೆ ತಿಳಿಯಿತು. ಆದರೆ ಡಬ್ಬಿ ಮಾತ್ರ ತುಂಬುತ್ತಾ ಬಂತು. ನಾನು ತಮ್ಮನಿಗೆ ಕಾಗದ ಬರೆದು ಕಲ್ಲಿನ ಅಳತೆ ಕೂಡ ಹೇಳಿದ್ದೆ.

ಕೆಳಗಡೆ ಮನೆ ಯಜಮಾನರು, ವಯಸ್ಸಾದ ಗುಜರಾತಿ ಕಾಕಾ, ಇದ್ದರು. ದಿನವಿಡೀ ಉಯ್ಯಾಲೆ ಮೇಲೆ ಕೂತು ಪೇಪರಿನಲ್ಲಿ ಷೇರಿನ ರೇಟು ಓದುವುದೇ ಅವರ ಕೆಲಸ. ನಾನು ಪೀಪಾಯಿಯಲ್ಲಿ ದುಡ್ಡು ಇಟ್ಟಿದ್ದೇನೆ ಅಂತ ಇವರು ಕಾಕಾಗೆ ಬಾಯಿಬಿಟ್ಟಿದ್ದಾರೆ. ಕಾಕಾ ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಯಾರಾದರೂ ಸತ್ತರೇನೋ ಅಂತ ನನಗೆ ಭಯವಾಯಿತು.

"ಬೆನ್, ದುಡ್ಡನ್ನು ಅಕ್ಕಿಯಲ್ಲಿ ಹೂತಿದ್ದೀರಂತೆ? ಅಲ್ಲಿ ಅದು ಏನು ಮಾಡುತ್ತೆ? ಮರಿ ಹಾಕುತ್ತಾ? ಸತ್ತ ದುಡ್ಡು ಬೆನ್, ಸತ್ತ ದುಡ್ಡು! ಮನೇಲಿ ಇಟ್ಟುಕೋಬಾರದು. ಕೊಡಿ ಇಲ್ಲಿ. ಒಳ್ಳೆ ಕಂಪನಿಯ ಷೇರು ತಗೊಳ್ಳೋಣ. ಒಂದು ಕಲ್ಲು ಯಾಕೆ, ಎರಡು ತರಿಸಿ."

ದೇವರಂಥ ಮನುಷ್ಯ, ಹಣದ ವಿಷಯ ಬಲ್ಲವರು ಅಂತ ನಾನು ಡಬ್ಬಿ ಬರಿದು ಮಾಡಿ ಕೊಟ್ಟೆ. ಖಾಲಿ ಡಬ್ಬಿ ಮೇಜಿನ ಮೇಲೆ ಉಳಿಯಿತು. ನಾಲ್ಕು ದಿನ ಬಿಟ್ಟು ಕಾಕಾ ನಗುನಗುತ್ತಾ ಬಂದರು. ಷೇರು ಕೊಂಡಾಯಿತು ಅಂದರು.

"ಯಾವ ಕಂಪನಿ ಕಾಕಾ?"

ಕಾಕಾ ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಟಕಟಕ ಬಡಿದರು. "ಇದೇ!"

ನನಗೆ ಕಣ್ಣು ಕತ್ತಲೆ ಬಂತು. ನನ್ನ ಗಂಡನ ಬಾಯಿಂದ ಕಿತ್ತು ಇಟ್ಟ ದುಡ್ಡು ಸೀದಾ ಹೋಗಿ ಸಿಗರೇಟು ಕಂಪನಿಗೇ ಬಿದ್ದಿದೆ! ಇವರಿಗೋ ಹಬ್ಬ. ಅವತ್ತೇ ಸಂಜೆ ನನ್ನೆದುರೇ ಒಂದು ಹಚ್ಚಿ, ಕಾಲು ಚಾಚಿ, "ಈಗ ಇದು ನಮ್ಮ ಕಂಪನಿ ಕಣೇ. ನಾನು ಸೇದದೇ ಇದ್ರೆ ನಷ್ಟ ಯಾರಿಗೆ? ನಿನ್ನ ಕಲ್ಲಿಗೇ!" ಅಂದರು. ಲೋಟ ಎಸೆದೆ. ಗುರಿ ತಪ್ಪಿತು ಅನ್ನುವ ಬೇಜಾರು ಇವತ್ತಿಗೂ ಇದೆ.

ಮಾರನೇ ಬೆಳಿಗ್ಗೆ ಕೆಳಗಿಳಿದು ಹೋಗಿ ಕಾಕಾಗೆ ಹೇಳಿದೆ, ಇವತ್ತೇ ಮಾರಿ, ನನಗೆ ಬೇಡ ಅಂತ. ಕಾಕಾ ಮಾರಿದರು. ಲಾಭವೇ ಬಂದಿತ್ತು, ಸುಳ್ಳು ಹೇಳಬಾರದು. ಆದರೆ ದುಡ್ಡು ಎಣಿಸಿ ಕೊಡುವಾಗ ಅವರ ಕಣ್ಣಲ್ಲಿ ನೀರು.

"ಅವಸರಪಟ್ಟಿರಿ ಬೆನ್. ಈ ಕಂಪನಿ ಯಾವತ್ತೂ ಮುಳುಗಲ್ಲ. ನಾನು ಪೇಪರು ನೋಡಿ ಕೊಂಡಿರಲಿಲ್ಲ. ನಿಮ್ಮ ಯಜಮಾನರನ್ನು ನೋಡಿ ಧೈರ್ಯ ಮಾಡಿ ಕೊಂಡಿದ್ದೆ."

ಕಲ್ಲು ಬಂತು

ಕಾಕಾ ಕೊಟ್ಟ ದುಡ್ಡು ಸೆರಗಿಗೆ ಗಂಟುಹಾಕಿಕೊಂಡೇ ನಾನು ಅಹಮದಾಬಾದಿಗೆ ಬಂದೆ. ಇವರ ಕೆಲಸ ನರೋಡಾದಲ್ಲಿ, ನಮ್ಮ ಮನೆ ಅಲ್ಲೇ ಹತ್ತಿರದ ಸೊಸೈಟಿಯಲ್ಲಿ, ಒಂದೇ ಕಾಂಪೌಂಡಿನೊಳಗೆ ಹತ್ತಾರು ಮನೆ. ಅಕ್ಕಪಕ್ಕ ಎಲ್ಲ ಗುಜರಾತಿಗಳು. ಹಿಂದುಗಡೆ ದೊಡ್ಡ ಬೇವಿನ ಮರ. ಊಟವಾದ ಮೇಲೆ ಇವರು ದಿನಾ ಆ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಬೇವಿನ ಗಾಳಿ ಎದೆಗೆ ಒಳ್ಳೆಯದಂತೆ. ಸಿಗರೇಟು ಪೂರ್ತಿ ಬಿಟ್ಟಿದ್ದೇನೆ ಅಂತ ದೇವರ ಫೋಟೋ ಮುಟ್ಟಿ ಹೇಳಿದ್ದರು. ನಂಬಿದೆ. ಮತ್ತೆ ನಂಬಿದೆ ನೋಡಿ! ಆ ದುಡ್ಡಲ್ಲಿ ಕಲ್ಲು ಬರುತ್ತದೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡೂ ಬಂದೆ.

ತಮ್ಮನ ಕಾಗದ ಬಂತು. ಕಲ್ಲು ಸಿಗುತ್ತದೆ, ಆದರೆ ರೈಲಿನಲ್ಲಿ ಕಳಿಸಿದರೆ ದಾರಿಯಲ್ಲಿ ಒಡೆಯಬಹುದು, ಯಾರಾದರೂ ಜೊತೆಗೆ ಬಂದು ಒಯ್ಯಬೇಕು ಅಂತ ಬರೆದಿದ್ದ. ಇವರನ್ನು ಕೇಳಿದರೆ ರಜವಿಲ್ಲ. ನನಗೆ ಸಾಕಾಗಿ ಹೋಗಿತ್ತು. ಇಲ್ಲೇ ಮಾಡಿಸುತ್ತೇನೆ ಅಂತ ವಿಚಾರಿಸಿಕೊಂಡು ಒಬ್ಬ ಕಲ್ಲುಕುಟಿಗನ ಹತ್ತಿರ ಒಬ್ಬಳೇ ಹೋದೆ. ಒಳ್ಳೆ ಹಿರಿಯ ಮನುಷ್ಯ, ಹಣೆಗೆ ಗಂಧ. ನನ್ನ ಗುಜರಾತಿ ತರಕಾರಿ ಕೊಳ್ಳುವಷ್ಟು. ಮಿಕ್ಕದ್ದು ಕೈಸನ್ನೆ.

"ಕೆಳಗೆ ದುಂಡಗೆ ದೊಡ್ಡ ಕಲ್ಲು. ಅದರ ನಡುವೆ ಇನ್ನೊಂದು ಕಲ್ಲು, ಹೀಗೆ ನೆಟ್ಟಗೆ ನಿಂತಿರಬೇಕು. ಮೇಲ್ಗಡೆ ನುಣ್ಣಗೆ ಇರಬೇಕು" ಅಂದೆ.

ಅವನು ಕೆಲಸ ನಿಲ್ಲಿಸಿ ಉಳಿ ಕೆಳಗಿಟ್ಟ. "ಮೇಲಿಂದ ನೀರು ಹಾಕ್ತೀರಾ ಬೆನ್?"

"ಹೂಂ, ಸ್ವಲ್ಪ ಸ್ವಲ್ಪ. ಒಂದೇ ಸಲ ಹಾಕಬಾರದು."

"ಹಾಲು?"

"ಹಾಲಲ್ಲ. ಆದ್ರೆ ಹಾಲಿನ ಥರಾನೇ ಬೆಳ್ಳಗೆ ಇಳಿಯುತ್ತೆ."

"ಕೂತು ಮಾಡ್ತೀರಾ, ನಿಂತು ಮಾಡ್ತೀರಾ?"

"ಕೂತು. ಎದುರಿಗೆ ಹೀಗೆ ಕೂತು" ಅಂತ ಅಲ್ಲೇ ನೆಲದ ಮೇಲೆ ಕೂತು, ಕೈಯನ್ನು ಗುಂಡಗೆ ತಿರುಗಿಸಿ ತೋರಿಸಿದೆ. "ಬೆಳಿಗ್ಗೆ ಸ್ನಾನ ಆದಮೇಲೆ ಒಂದು ಗಂಟೆ ಹೊತ್ತು. ನಮ್ಮ ತಾಯಿ, ನಮ್ಮಜ್ಜಿ ಎಲ್ಲ ಮಾಡ್ತಿದ್ರು. ಇಲ್ಲಿ ಬಂದ ಮೇಲೆ ಅದು ಇಲ್ಲದೆ ನನಗೆ ಮನೆ ಮನೆ ಅನ್ನಿಸ್ತಾ ಇಲ್ಲ."

ಮುದುಕ ಎದ್ದು ಕೈಮುಗಿದ. ಕಣ್ಣು ಒರೆಸಿಕೊಂಡ. ಈ ಕೆಲಸಕ್ಕೆ ನಾನು ಚೌಕಾಸಿ ಮಾಡಲ್ಲ, ನೀವು ಕೊಟ್ಟಷ್ಟು ಕೊಡಿ ಅಂದ. ಅಡಿಗೆ ಕೆಲಸಕ್ಕೆ ಇಷ್ಟು ಗೌರವ ಕೊಡುವ ಗಂಡಸನ್ನು ನಾನು ಮೊದಲು ನೋಡಿದ್ದೇ ಅವತ್ತು. ಗಂಟು ಬಿಚ್ಚಿ ಅಷ್ಟೂ ಕೊಟ್ಟುಬಿಟ್ಟೆ.

ಕಲ್ಲು ಬರುವ ಭಾನುವಾರ ಬೆಳಿಗ್ಗೆಯೇ ಅಕ್ಕಿ ಉದ್ದು ನೆನೆಹಾಕಿದೆ. ಹತ್ತು ಗಂಟೆಗೆ ಬೀದಿಯಲ್ಲಿ ತಾಳದ ಸದ್ದು. ಕೈಗಾಡಿಯ ಮೇಲೆ ಕೆಂಪು ವಸ್ತ್ರ ಹೊದಿಸಿದ ಕಲ್ಲು, ಚೆಂಡುಹೂವಿನ ಹಾರ, ಗಾಡಿಯ ಮುಂದೆ ಮುದುಕ, ಹಿಂದೆ ಅವನ ಮನೆಮಂದಿಯೆಲ್ಲ ಭಜನೆ ಹೇಳುತ್ತಾ ಬರುತ್ತಿದ್ದಾರೆ. ನಾವು ಆಯುಧಪೂಜೆಯಲ್ಲಿ ಮಾಡುವುದಿಲ್ಲವೇ, ಹಾಗೇ ಹೊಸ ಸಾಮಾನಿಗೆ ಇವರೂ ಪೂಜೆ ಮಾಡುತ್ತಾರೆ ಅಂದುಕೊಂಡೆ. ವಸ್ತ್ರ ತೆಗೆದ.

ಶಿವಲಿಂಗ! ಪೀಠ ಸಮೇತ. ಸುತ್ತ ನಾಗರಹೆಡೆ. "ಬೆಳ್ಳಗೆ ಇಳಿಯುತ್ತೆ ಅಂದ್ರಲ್ಲ ಬೆನ್, ಅದಕ್ಕೇ ಈ ಬಾಯಿ ಕೆತ್ತಿದೀನಿ" ಅಂತ ನೀರು ಹರಿಯುವ ಜಾಗ ಬೇರೆ ತೋರಿಸಿದ.

ಯಾರ ಮೇಲೆ ಕೂಗಾಡಲಿ? ಸೊಸೈಟಿಯ ಹೆಂಗಸರೆಲ್ಲ ಆಗಲೇ ಓಡಿ ಬಂದು ಕೈಮುಗಿದು ನಿಂತಿದ್ದರು. ಎಲ್ಲರೂ ಮಾಸಿ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಎದುರುಮನೆ ಹಿರಿಯಳು ನನ್ನನ್ನು ತಬ್ಬಿಕೊಂಡು, "ಗಂಡನ ಸಿಗರೇಟು ಬಿಡಿಸಿ ಆ ದುಡ್ಡಲ್ಲಿ ಮಹಾದೇವನನ್ನು ತಂದಳು ನೋಡಿ!" ಅಂತ ಅತ್ತಳು. ದೇವರನ್ನು ವಾಪಸ್ಸು ತಗೊಂಡು ಹೋಗು ಅನ್ನಲಾಗುತ್ತದೆಯೇ? ಅವನ ಮೇಲೆ ಉದ್ದು ಹಾಕಿ ರುಬ್ಬಲಾಗುತ್ತದೆಯೇ?

ಹಿಂದಿನ ಬೇವಿನ ಮರದ ಕೆಳಗೆ ಪ್ರತಿಷ್ಠೆ ಮಾಡೋಣ ಅಂತ ಮಾಸಿ ತೀರ್ಮಾನ ಹೇಳಿದಳು. ಗಾಡಿಯ ಹತ್ತಿರ ನಿಂತಿದ್ದ ಇವರು ಒಂದೇ ಸಲಕ್ಕೆ ಮುಂದೆ ಬಂದು, "ಅಲ್ಲಿ ಬೇಡ, ಅಲ್ಲಿ ಬೇಡ, ಹಕ್ಕಿ ಹಿಕ್ಕೆ ಹಾಕುತ್ತೆ" ಅಂದರು. ಯಾರು ಕೇಳುತ್ತಾರೆ? ಮಾಸಿ ಪೊರಕೆ ಹಿಡಿದು ಮರದ ಹಿಂದಿನ ಎಲೆಯ ರಾಶಿ ಗುಡಿಸಿದಳು. ಎಲೆಯ ಕೆಳಗೆ ಗುಡ್ಡೆ ಗುಡ್ಡೆ ಸಿಗರೇಟಿನ ತುಂಡು.

ಎಲ್ಲರೂ ತುಂಡುಗಳನ್ನು ನೋಡಿದರು. ನಾನು ಒಬ್ಬರನ್ನೇ ನೋಡಿದೆ. ಅವರು ಮರದ ತುದಿಯಲ್ಲಿ ಹಕ್ಕಿ ಹುಡುಕುತ್ತಿದ್ದರು. ಮಾಸಿ ಮಾತ್ರ ಭಕ್ತಿಯಿಂದ ಕೆನ್ನೆಗೆ ಕೈಯಿಟ್ಟುಕೊಂಡಳು.

"ಅರೆ! ಮಹಾದೇವ ಬರೋದಕ್ಕೆ ಮುಂಚೆಯೇ ಯಾರೋ ಇಲ್ಲಿ ದಿನಾ ಧೂಪ ಹಾಕ್ತಿದ್ದರಲ್ಲ!"

ಪ್ರಸಾದ

ರುಬ್ಬುವ ಕಲ್ಲು ಕೇಳಿದವಳಿಗೆ ದಿನಾ ಬೆಳಿಗ್ಗೆ ದೇವರಿಗೆ ನೀರು ಹೊರುವ ಕೆಲಸ ಬಂತು. ಕಲ್ಲು ತಂದವಳು ನೀನು, ಮೊದಲ ಕೊಡ ನಿನ್ನದೇ ಅಂತ ಮಾಸಿಯ ಅಪ್ಪಣೆ. ಮಹಾದೇವನ ಮುಂದೆ ಬೈಯುವ ಹಾಗಿಲ್ಲ, ಆದರೆ ಮನಸ್ಸಿನಲ್ಲಿ ಏನು ಹೇಳುತ್ತಿದ್ದೆ ಅಂತ ಅವನಿಗೆ ಗೊತ್ತು. "ನಿನಗೆ ಕೂರೋಕೆ ಬೇರೆ ದುಡ್ಡು ಸಿಗಲಿಲ್ವಾ?" ಅಂತ.

ಶಿವರಾತ್ರಿ ಹತ್ತಿರ ಬಂತು. ಗಿರನಾರ ಬೆಟ್ಟದ ಜಾತ್ರೆಗೆ ಹೊರಟಿದ್ದ ಒಬ್ಬ ಬಾವಾ, ಅಂದರೆ ಸಾಧು, ಜಟೆ ಬೂದಿ ಎಲ್ಲ ಸೇರಿ ಒಂದು ಗಾಡಿ ಭಾರ, ನಮ್ಮ ಬೇವಿನ ಮರದ ಕೆಳಗೆ ಬಂದು ಕೂತ. ಸೊಸೈಟಿಯವರಿಗೆ ಸಂಭ್ರಮ. ಹಾಲು, ಹಣ್ಣು, ಕಂಬಳಿ. ನಾನು ಅದನ್ನೆಲ್ಲ ನೋಡಲಿಲ್ಲ, ನನಗೆ ಕಾಣಿಸಿದ್ದು ಬೇರೆ. ಮನೆಯಲ್ಲಿ ಒಂದು ದೀಪ ಹಚ್ಚಿದವರಲ್ಲ ನಮ್ಮನೆಯವರು, ಈಗ ಸಂಜೆಯಾದರೆ ಸ್ನಾನ ಮಾಡಿ, ಶಾಲು ಹೊದ್ದು, ಭಜನೆಗೆ ಓಡುತ್ತಾರೆ. ವಾಪಸ್ಸು ಬರುವಾಗ ಮುಖದಲ್ಲಿ ಅದೇನು ಶಾಂತಿ! ಆ ಶಾಂತಿ ನನಗೆ ಗೊತ್ತು. ಬರೋಡಾದಲ್ಲಿ ಷೇರು ಕೊಂಡ ದಿನ ನೋಡಿದ್ದೆ.

ಮೂರನೇ ಸಂಜೆ ನಾನೂ ಹಿಂದೆಯೇ ಹೋದೆ. ಗಂಡಸರೆಲ್ಲ ಸುತ್ತ ಕೂತಿದ್ದಾರೆ, ಹೆಂಗಸರು ಈ ಕಡೆ. ಬಾವಾ ಚಿಲುಮೆಗೆ ತಂಬಾಕು ತುಂಬಿ, ಕೆಂಡ ಇಟ್ಟು, "ಬಂ ಭೋಲೇ!" ಅಂತ ಒಂದು ದಮ್ಮು ಎಳೆದು, ಮಹಾದೇವನಿಗೆ ತೋರಿಸಿ, ಪಕ್ಕದವರಿಗೆ ದಾಟಿಸಿದ. ಪಕ್ಕದವರು ಯಾರು? ಇವರೇ. ಎರಡು ಕೈಯಲ್ಲೂ ಹಿಡಿದು, ಕಣ್ಣಿಗೊತ್ತಿಕೊಂಡು, ಎಳೆದರು ನೋಡಿ ದಮ್ಮು! ಚಿಲುಮೆಯ ತುದಿ ಧಗಧಗ ಉರಿಯಿತು. ಹಿತ್ತಲ ಬಾಗಿಲಿನ ಅವಮಾನ, ಅಕ್ಕಿ ಪೀಪಾಯಿ, ಕಾಕಾ, ಕಲ್ಲುಕುಟಿಗ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಇಷ್ಟು ವರ್ಷ ನಾನು ಹೋರಾಡಿ ಉಳಿಸಿದ ದುಡ್ಡಿನಲ್ಲಿ ಕಲ್ಲು ಬಂದು, ಕಲ್ಲು ದೇವರಾಗಿ, ದೇವರ ಹಿಂದೆ ಬಾವಾ ಬಂದು, ಬಾವಾನ ಹಿಂದೆ ಹೊಗೆ ಬಂದಿದೆ!

ಸೀದಾ ಗಂಡಸರ ನಡುವೆ ನುಗ್ಗಿದೆ. "ಏನ್ರೀ ಇದು?"

"ಷ್! ಸಿಗರೇಟಲ್ಲ ಕಣೇ" ಅಂದರು ಹೊಗೆ ಬಿಡುತ್ತಾ. "ಪ್ರಸಾದ. ಬೇಡ ಅಂದ್ರೆ ಪಾಪ ಬರುತ್ತೆ."

"ಓಹೋ, ಪ್ರಸಾದ. ಪ್ರಸಾದ ಅಂದ್ಮೇಲೆ ಗಂಡ ಒಬ್ಬನೇ ತಗೊಳ್ಳೋದು ಯಾವ ಸೀಮೆ ಪದ್ಧತಿ? ಈ ಮಹಾದೇವನನ್ನ ತಂದವಳು ನಾನು" ಅಂದು ಅಲ್ಲೇ ಇವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಸೆರಗು ತಲೆಮೇಲೆ ಹೊದ್ದುಕೊಂಡೆ. ಬಾವಾನ ಕಡೆ ಎರಡೂ ಕೈ ಚಾಚಿದೆ. "ಕೊಡಿ ಮಹಾರಾಜ್."

ಭಜನೆ ನಿಂತಿತು. ತಾಳ ಹಾಕುತ್ತಿದ್ದವನ ಕೈ ಗಾಳಿಯಲ್ಲೇ ಉಳಿಯಿತು. ಬಾವಾನಿಗೆ ಮಾತ್ರ ಬಹಳ ಸಂತೋಷವಾಯಿತು. "ಲೋ ಮಾಯಿ, ಭೋಲೇನಾಥ್ ಕಾ ಪ್ರಸಾದ್!" ತಗೋ ತಾಯಿ ಅಂತ ಇವರ ಕೈಯಿಂದ ಚಿಲುಮೆ ತೆಗೆದು ನನ್ನ ಕೈಗೆ ಇಟ್ಟೇಬಿಟ್ಟ. ನಾನು ಬಾಯಿಯ ಹತ್ತಿರ ತಂದೆ.

ಇವರ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಚಂಗನೆ ನೆಗೆದು ನನ್ನ ಕೈ ಹಿಡಿದರು. "ಲೇ ಲೇ ಲೇ! ಬೇಡ ಕಣೇ! ಗಂಟಲು ಸುಡುತ್ತೆ, ಎದೆ ಹಾಳಾಗುತ್ತೆ, ಒಂದು ಸಲ ಹಿಡಿದ್ರೆ ಬಿಡಲ್ಲ ಅದು!" ಗಾಬರಿಯಲ್ಲಿ ಹಿಂದಿ ಬೇರೆ ಬಂದುಬಿಟ್ಟಿತು. ಸೊಸೈಟಿಗೆಲ್ಲ ಕೇಳುವ ಹಾಗೆ, "ಯೇ ಬಹುತ್ ಖರಾಬ್ ಚೀಜ್ ಹೈ!" ಬಹಳ ಕೆಟ್ಟದ್ದು ಇದು, ಅಂತ ಅರಚಿದರು.

"ಪ್ರಸಾದ್ ಖರಾಬ್?" ಅಂತ ಬಾವಾ ಎದ್ದು ನಿಂತ. ಅವನು ನಿಂತಾಗ ಎಷ್ಟು ಎತ್ತರ ಅಂತ ಎಲ್ಲರಿಗೂ ಗೊತ್ತಾಯಿತು.

ಮಾಸಿ ಹೆಂಗಸರ ಕಡೆಯಿಂದ ಎದ್ದು ಬಂದಳು. ಸೊಂಟದ ಮೇಲೆ ಕೈಯಿಟ್ಟು ಇವರನ್ನು ಕೇಳಿದಳು. "ಖರಾಬ್ ಅಂತ ನಿನಗೆ ಗೊತ್ತು?"

"ಗೊತ್ತು ಮಾಸಿ."

"ಗೊತ್ತಿದ್ದೂ ಎಳೀತಿದ್ದೆ. ಹೆಂಡತಿ ಎಳೆದರೆ ಮಾತ್ರ ಎದೆ ಹಾಳು, ನೀನು ಎಳೆದರೆ ಪ್ರಸಾದ. ಅಲ್ಲಾ?"

ಮಾಸಿ ಇವರ ಬಲಗೈ ಹಿಡಿದು ಎಳೆದುಕೊಂಡು ಹೋಗಿ, ಆ ಹಳದಿ ಬೆರಳುಗಳ ಸಮೇತ ಲಿಂಗದ ಮೇಲೆ ಇಟ್ಟಳು. ಇನ್ನು ಮುಟ್ಟಲ್ಲ ಅಂತ ಎಲ್ಲರೆದುರು ಹೇಳಿಸಿದಳು. ಮೂರು ಸಲ. ಸೊಸೈಟಿಯವರು ಬಾವಾನಿಗೆ ಒಂದು ಲೋಟ ಹಾಲು ಹೆಚ್ಚಿಗೆ ಕೊಟ್ಟು ಸಮಾಧಾನ ಮಾಡಿದರು.

ಇವರು ಶಾಲು ಮಡಚಿಕೊಂಡು ನನ್ನ ಹಿಂದೆಯೇ ಮನೆಗೆ ಬಂದರು. ಬಾಗಿಲ ಹತ್ತಿರ ನಿಂತು ಕೇಳಿದರು. "ನಿಜವಾಗಿಯೂ ಸೇದಿಬಿಡ್ತಿದ್ಯಾ?"

"ಇನ್ನೊಂದು ಗಳಿಗೆ ನೀವು ಸುಮ್ಮನಿದ್ದಿದ್ದರೆ ಸೇದೇಬಿಡ್ತಿದ್ದೆ" ಅಂದೆ. ಇವರು ಒಳಗೆ ಹೋಗಿ ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಡಬ್ಬಿಗೆ ಸುರಿದರು.

ಆಮೇಲೆ ಮುಟ್ಟಲಿಲ್ಲ. ಬೆರಳು ನೋಡಿ, ಮೂಸಿ, ಬೇವಿನ ಮರದ ಸುತ್ತ ಗುಡಿಸಿ, ಎಲ್ಲ ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಡಬ್ಬಿ ಮತ್ತೆ ತುಂಬಿತು. ಬೇಸಿಗೆಯಲ್ಲಿ, ಇಲ್ಲ ಇಲ್ಲ ಅನ್ನುತ್ತಿದ್ದ ರಜ ಅದು ಹೇಗೋ ಸಿಕ್ಕಿ, ತಾವೇ ತುಮಕೂರಿಗೆ ಹೋದರು. ಗಾಡಿ ಬದಲಾಯಿಸಿದಲ್ಲೆಲ್ಲ ಕೂಲಿಗಳ ಹತ್ತಿರ ಬೈಸಿಕೊಂಡು, ಸೀಟು ಸಿಗದ ಕಡೆ ಅದರ ಮೇಲೇ ಕೂತುಕೊಂಡು, ರುಬ್ಬುವ ಕಲ್ಲನ್ನು ತಂದು ನನ್ನ ಅಡಿಗೆಮನೆಯಲ್ಲಿ ಇಳಿಸಿದರು. ನಾನು ಅದನ್ನು ಮುಟ್ಟಿ ಮುಟ್ಟಿ ನೋಡಿದೆ. ಅಳು ಬಂತು. ತೋರಿಸಿಕೊಳ್ಳಲಿಲ್ಲ, ಅಕ್ಕಿ ನೆನೆಹಾಕಲು ಎದ್ದೆ.

ಸಂಜೆ ಇವರು ಮನೆತುಂಬ ಶತಪಥ ಹಾಕತೊಡಗಿದರು. ಬೆಂಕಿಪೊಟ್ಟಣ ತೆಗೆಯುವುದು, ಮುಚ್ಚುವುದು. "ಕೈಗೆ ಏನಾದರೂ ಬೇಕು ಕಣೇ" ಅಂದರು.

ಗುಂಡುಕಲ್ಲು ತೋರಿಸಿದೆ. "ಇದೆಯಲ್ಲ, ತಗೊಳ್ಳಿ."

ಇವರು ಶರ್ಟು ಬಿಚ್ಚಿ, ಪಂಚೆ ಕಟ್ಟಿ ಕೂತರು. ಅವತ್ತಿನಿಂದ ನಮ್ಮ ಮನೆಯಲ್ಲಿ ರುಬ್ಬುವ ಕೆಲಸ ಅವರದೇ. ಮೊದಲ ದಿನ ಮಾಸಿ ಸಕ್ಕರೆ ಕೇಳಿಕೊಂಡು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕೆಳಗೆ ದುಂಡು ಕಲ್ಲು, ನಡುವೆ ನೆಟ್ಟಗೆ ನಿಂತ ಕಲ್ಲು, ಎದುರಿಗೆ ಬರಿಮೈಯಲ್ಲಿ ಕೂತ ನಮ್ಮನೆಯವರು, ಮೇಲಿಂದ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾರೆ, ಬೆಳ್ಳಗೆ ಇಳಿಯುತ್ತಿದೆ. ಮಾಸಿ ಚಪ್ಪಲಿ ಕಳಚಿದಳು. ಸೆರಗು ಹೊದ್ದುಕೊಂಡಳು. ಕೈಮುಗಿದು, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಹೊರಗಿನ ಮಹಾದೇವ ಸಾಲದು ಅಂತ ಮನೆಯೊಳಗೂ ತಂದೆಯಾ ಬೆನ್? ಎಷ್ಟು ಬದಲಾದರು ನಿನ್ನ ಯಜಮಾನರು! ಎಷ್ಟು ಹೊತ್ತು ಕೂರುತ್ತಾರೆ ಹೀಗೆ?"

ನಾನೂ ಕೈಮುಗಿದೇ ಹೇಳಿದೆ. "ಹಿಟ್ಟು ನುಣ್ಣಗಾಗೋವರೆಗೂ ಮಾಸಿ."